ಬೋಂಡಾಕ್ಕೆ ಮುಂಚೆ ನಾಲ್ಕನೆಯ ಭಾಗ

ನಮ್ಮ ಅಡ್ಯಾರ್ ಸಿಂಫನಿ ಸಂಘಕ್ಕೆ ಹಳೆಯದನ್ನು ಕಂಡರೆ ಆಗುವುದಿಲ್ಲ. ಪ್ರತಿ ವರ್ಷ ಯಾರಿಂದಾದರೂ ಒಂದು ಹೊಸ ಕೃತಿ ಬರೆಸಬೇಕು, ಜನವರಿಯ ಕೊನೆಯ ಭಾನುವಾರ ಅದನ್ನು ಜಗತ್ತಿನಲ್ಲೇ ಮೊದಲ ಸಲ ನುಡಿಸಬೇಕು ಎಂಬುದು ಸಂಘದ ನಿಯಮ. 2001ರಿಂದ, ಕೊರೊನಾದ ಒಂದು ವರ್ಷ ಬಿಟ್ಟರೆ, ಇದು ತಪ್ಪಿಲ್ಲ. ಕಳೆದ ವರ್ಷದವರೆಗೆ ಇಪ್ಪತ್ತನಾಲ್ಕು ಕೃತಿಗಳನ್ನು ಮೊದಲ ಸಲ ನುಡಿಸಿದ್ದೆವು. ಎರಡನೆಯ ಸಲ ನುಡಿಸಿದ್ದು ಒಂದೂ ಇರಲಿಲ್ಲ.

ಇದನ್ನು ನಾನು ಖಚಿತವಾಗಿ ಹೇಳಬಲ್ಲೆ, ಯಾಕೆಂದರೆ ಆ ಇಪ್ಪತ್ತನಾಲ್ಕೂ ನನ್ನ ಮನೆಯ ಬೀರುವಿನಲ್ಲಿವೆ. ನನ್ನ ಹೆಸರು ಕಮಲಾಕರ. ವಿಮಾ ಕಂಪನಿಯಿಂದ ನಿವೃತ್ತನಾದವನು. ಸಂಘದಲ್ಲಿ ಎರಡನೆಯ ಪಿಟೀಲುಗಳ ಕೊನೆಯ ಸಾಲಿನಲ್ಲಿ ಕೂರುತ್ತೇನೆ, ಜೊತೆಗೆ ಲೈಬ್ರರಿಯನ್ ಕೆಲಸವೂ ನನ್ನದೇ. ಅಂದರೆ ಐವತ್ತೆಂಟು ಮಂದಿಗೆ ಅವರವರ ವಾದ್ಯದ ಸ್ವರಹಾಳೆಗಳನ್ನು ಸ್ಟ್ಯಾಂಡಿನ ಮೇಲೆ ಇಡುವುದು, ಕಾರ್ಯಕ್ರಮ ಮುಗಿದ ಕೂಡಲೇ ಎತ್ತಿ, ಎಣಿಸಿ, ದಾರ ಕಟ್ಟಿ ಮನೆಗೆ ಒಯ್ಯುವುದು. 2015ರಲ್ಲಿ ವೇಲಚೇರಿಯ ನಮ್ಮ ನೆಲಮಹಡಿಯ ಮನೆಗೆ ನೀರು ನುಗ್ಗಿದಾಗ ನಾನು ಮೊದಲು ಮೂರನೆಯ ಮಹಡಿಗೆ ಹೊತ್ತದ್ದು ಈ ಕಟ್ಟುಗಳನ್ನು. ಎರಡನೆಯದಾಗಿ ಹೊತ್ತದ್ದು ನನ್ನ ಅತ್ತೆಯವರನ್ನು. ಆ ಕ್ರಮದ ಬಗ್ಗೆ ನಮ್ಮ ಮನೆಯಲ್ಲಿ ಇನ್ನೂ ಚರ್ಚೆ ಮುಗಿದಿಲ್ಲ.

ಎರಡನೆಯ ಸಲ ಯಾಕೆ ನುಡಿಸುವುದಿಲ್ಲ ಎಂದರೆ ಅದಕ್ಕೆ ಪ್ರಾಯೋಜಕರು ಸಿಗುವುದಿಲ್ಲ. ಪ್ರೆಷರ್ ಕುಕ್ಕರಿನವರು, ಸಿಮೆಂಟಿನವರು, ಕಣ್ಣಿನ ಆಸ್ಪತ್ರೆಯವರು, ಎಲ್ಲರಿಗೂ ಪೋಸ್ಟರಿನಲ್ಲಿ ತಮ್ಮ ಹೆಸರಿನ ಮೇಲೆ ‘ವರ್ಲ್ಡ್ ಪ್ರೀಮಿಯರ್’ ಎಂದಿರಬೇಕು. ಕೃತಿ ಬರೆದವರು ಮನೆಮಂದಿಯನ್ನೆಲ್ಲ ಕರೆತರುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಶಾಲು ಹೊದ್ದು ಹೋಗುತ್ತಾರೆ. ಮರುದಿನ ಅವರ ಒಂದು ವರ್ಷದ ದುಡಿಮೆ ನನ್ನ ಬೀರು ಸೇರುತ್ತದೆ. ಅಲ್ಲಿಗೆ ಬಂದದ್ದು ಮತ್ತೆ ಬೆಳಕು ಕಂಡದ್ದಿಲ್ಲ.

ಶಾಲಿನ ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಸನ್ಮಾನ ನಡೆಯುವುದು ಕೊನೆಯ ಭಾಗಕ್ಕೆ ಮುಂಚೆ. ಸಿಂಫನಿಗೆ ನಾಲ್ಕು ಭಾಗವಿದ್ದರೆ ಮೂರು ಮುಗಿದ ಮೇಲೆ ಕಂಡಕ್ಟರ್ ಕೋಲು ಕೆಳಗಿಡುತ್ತಾನೆ, ಪ್ರಾಯೋಜಕರು ವೇದಿಕೆಗೆ ಬರುತ್ತಾರೆ, ಹಾರ, ಶಾಲು, ನಾಲ್ಕು ಮಾತು. ಎಲ್ಲ ಮುಗಿದ ಮೇಲೆ ಸನ್ಮಾನ ಇಟ್ಟರೆ ನೋಡಲು ಯಾರೂ ಇರುವುದಿಲ್ಲ, ಜನ ಹಿಂಬದಿಯ ಅಂಗಳದಲ್ಲಿ ಹಂಚುವ ಬೋಂಡಾದ ಕಡೆ ಓಡಿರುತ್ತಾರೆ. ಸಂಘ ಕಷ್ಟಪಟ್ಟು ಕಲಿತ ಪಾಠ ಇದು. ಆದರೆ ಮದ್ರಾಸಿನ ಜನಕ್ಕೆ ಶಾಲು ಕಂಡರೆ ಕಾರ್ಯಕ್ರಮ ಮುಗಿಯಿತೆಂದೇ ಲೆಕ್ಕ. ಅದನ್ನು ಮಾತ್ರ ಸಂಘ ಕಲಿಯಲಿಲ್ಲ.

ಬೀರುವಿನ ನಾಲ್ಕನೆಯ ಕಟ್ಟು ಅಂಬುಜಮ್ಮನವರದು. ಅದನ್ನು ನೋಡಿದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ಅಂಬುಜಮ್ಮ ಅಡ್ಯಾರಿನ ಒಂದು ಶಾಲೆಯಲ್ಲಿ ಪಿಯಾನೋ ಟೀಚರ್ ಆಗಿದ್ದವರು. ನಲವತ್ತರ ಹತ್ತಿರ ಬಂದ ನನಗೆ ಸ್ವರಹಾಳೆ ಓದಲು ಕಲಿಸಿದವರೂ ಅವರೇ. 2004ರ ಕೃತಿಯನ್ನು ಸಂಘ ಅವರಿಂದ ಬರೆಸಿತು. ಅವರು ಅದಕ್ಕೆ ‘ಧನುರ್ಮಾಸ’ ಎಂದು ಹೆಸರಿಟ್ಟಿದ್ದರು. ಚಳಿಯ ಬೆಳಗು, ಬಾಗಿಲಿಗೆ ನೀರು ಹಾಕುವ ಸದ್ದು, ದೇವಸ್ಥಾನದ ಮೈಕು, ಹುಗ್ಗಿಗೆ ನಿಂತ ಸಾಲು, ಇವೆಲ್ಲ ಮೊದಲ ಮೂರು ಭಾಗಗಳಲ್ಲಿದ್ದವು. ನಾಲ್ಕನೆಯದು ಏನು ಎಂದು ಕೇಳಿದರೆ, ಕೇಳಿದಾಗ ತಿಳಿಯುತ್ತೆ ಅಂದಿದ್ದರು. ಆ ವರ್ಷದ ಪ್ರಾಯೋಜಕರು ಟೈರು ಮಾರುವವರು. ಅವರಿಗಾಗಿ ಕೃತಿಯ ಹೆಸರು ‘ಚಕ್ರ’ ಎಂದಾಯಿತು.

ಟೈರಿನ ಯಜಮಾನರು ಮೂರನೆಯ ಭಾಗ ಮುಗಿಯುವ ಹೊತ್ತಿಗೆ ಬಂದರು. ಹಾರ, ಶಾಲು ಆದವು. ಆಮೇಲೆ ತಮ್ಮ ತಾತ ಮೊದಲ ಟೈರು ಮಾರಿದ ಕಥೆಯನ್ನು ಮುಕ್ಕಾಲು ಗಂಟೆ ಹೇಳಿದರು. ಒಂಬತ್ತಕ್ಕೆ ಸಭಾಂಗಣ ಬಿಡಬೇಕಿತ್ತು, ವಾಚ್‌ಮನ್ ಬಾಗಿಲಲ್ಲಿ ಬೀಗದ ಕೈ ಆಡಿಸುತ್ತ ನಿಂತಿದ್ದ. ಶಾಲು ನೋಡಿದ ಜನ ಚಪ್ಪಾಳೆ ತಟ್ಟಿ ಎದ್ದಾಗಿತ್ತು. ಅಂದಿನ ಕಂಡಕ್ಟರ್ ನನ್ನ ಕಡೆ ನೋಡಿ, ಹಾಳೆ ಎತ್ತು ಎಂದು ಕೈಸನ್ನೆ ಮಾಡಿದರು. ನಾನು ಎತ್ತುತ್ತ ಬಂದೆ. ಪಿಯಾನೋದ ಹತ್ತಿರ ಬಂದಾಗ, ಅಂದು ಅದನ್ನು ನುಡಿಸುತ್ತಿದ್ದ ಅಂಬುಜಮ್ಮ ಎರಡೂ ಕೈ ಎತ್ತಿಕೊಂಡು ಕೂತಿದ್ದರು. ನಾಲ್ಕನೆಯ ಭಾಗ ಶುರುವಾಗುವುದು ಪಿಯಾನೋ ಒಂದರಿಂದಲೇ. ಅವರು ಕೋಲಿನ ಸನ್ನೆಗಾಗಿ ಕಾಯುತ್ತಿದ್ದರು.

“ಎತ್ಕೋ, ಕಮಲಾ” ಎಂದರು. ಕೈಗಳನ್ನು ಮಡಿಲಿಗೆ ಇಳಿಸಿಕೊಂಡರು. ನಾನು ಎತ್ತಿಕೊಂಡೆ.

ಆ ಭಾಗವನ್ನು ಅಭ್ಯಾಸದಲ್ಲೂ ನಾವು ಪೂರ್ತಿ ನುಡಿಸಿರಲಿಲ್ಲ. ತಂತಿಯವರು ಒಂದು ದಿನ, ಊದುವವರು ಇನ್ನೊಂದು ದಿನ ತಮ್ಮತಮ್ಮ ಪಾಲು ನುಡಿಸಿಕೊಂಡಿದ್ದರು, ಅಷ್ಟೆ. ಹಾಗಾಗಿ ಬರೆದವರೂ ಅದನ್ನು ಕೇಳಿರಲಿಲ್ಲ. ಅಂಬುಜಮ್ಮ ಆಮೇಲೆ ಏನೂ ಬರೆಯಲಿಲ್ಲ, ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ಹೀಗೆ ಇಪ್ಪತ್ತೆರಡು ವರ್ಷ ಸುಮ್ಮನಿದ್ದೆವು.

ಕಳೆದ ನವೆಂಬರಿನಲ್ಲಿ ಅವರನ್ನು ನೋಡಲು ಪೋರೂರಿಗೆ ಹೋದೆ. ಅವರೀಗ ತಂಗಿಯ ಮೊಮ್ಮಗಳು ವಿಭಾ ಜೊತೆ ಇದ್ದಾರೆ, ವಯಸ್ಸು ಎಂಬತ್ತಮೂರು. ಹೇಗಿದ್ದೀರಿ ಎಂದು ಎರಡು ಸಲ ಕೇಳಿದೆ. ಎರಡನೆಯದು ಸ್ವಲ್ಪ ಗಟ್ಟಿಯಾಗಿತ್ತು.

“ಕೂಗಬೇಡ. ಬಲಗಿವಿ ಅವುಟು. ಎಡಗಡೆ ಬಂದು ಮೆಲ್ಲ ಹೇಳು” ಎಂದರು.

“ಎಡಗಿವಿಯೂ ಇನ್ನು ಒರು ವರ್ಷಂದಾನ್ ಅಂಕಲ್. ಡಾಕ್ಟರ್ ಸೊಲ್ಲಿಟ್ಟಾರ್” ಎಂದಳು ವಿಭಾ. ಇನ್ನೊಂದೇ ವರ್ಷವೆಂದು ಡಾಕ್ಟರ್ ಹೇಳಿಬಿಟ್ಟಿದ್ದಾರೆ ಎಂದು ಅದರರ್ಥ; ಅವಳು ಕನ್ನಡದಲ್ಲಿ ಶುರುಮಾಡಿ ತಮಿಳಿನಲ್ಲಿ ಮುಗಿಸುವವಳು.

“ಹೋದ್ರೆ ಪರವಾಯಿಲ್ಲೆ. ಬರೆದದ್ದೆಲ್ಲ ತಲೆಯೊಳಗೆ ಕೇಳುತ್ತೆ” ಎಂದರು ಅಂಬುಜಮ್ಮ. “ಆ ನಾಲ್ಕನೇ ಭಾಗ ಮಾತ್ರ ಕೇಳಲ್ಲ, ಕಮಲಾ. ಒಂದು ತಡವೆ, ಒಂದೇ ಸಲ, ಹೊರಗಿಂದ ಕೇಳಿದ್ದಿದ್ರೆ ಒಳಗೂ ಕೇಳ್ತಿತ್ತು.”

ಇಪ್ಪತ್ತೆರಡು ವರ್ಷಕ್ಕೆ ಅದೇ ಮೊದಲ ಮಾತು. ಅವರು ಕೊಟ್ಟ ಕಾಫಿಯನ್ನೂ ಕುಡಿಯದೆ ಎದ್ದು ಬಂದೆ. ಪೋರೂರಿನಿಂದ ವೇಲಚೇರಿಗೆ ಬರುವಷ್ಟರಲ್ಲಿ ಎರಡು ಬಸ್ಸು ಬದಲಿಸಿದೆ, ಎರಡರಲ್ಲೂ ನನ್ನನ್ನು ನಾನೇ ಬೈದುಕೊಂಡೆ.

ಈ ಸಲದ ಪ್ರಾಯೋಜಕರು ವೇಲಚೇರಿಯ ‘ಸುಮುಖ ಭವನ’ದ ಐತಪ್ಪನವರು. ಪುತ್ತೂರಿನ ಕಡೆಯಿಂದ ಬಂದು, ಅಡ್ಯಾರಿನಲ್ಲಿ ಒಂದು ಚಿಕ್ಕ ಮೆಸ್ಸಿನಿಂದ ಶುರುಮಾಡಿದವರು. ಹೋಟೆಲಿಗೆ ನಲವತ್ತು ವರ್ಷ ತುಂಬುವ ಸಂತೋಷಕ್ಕೆ ಸಿಂಫನಿ ಬರೆಸುತ್ತೇನೆಂದು ತಾವಾಗಿ ಬಂದಿದ್ದರು. ಕಾಫಿಗೆ ಚಿಕೋರಿ ಹಾಕಿದರೆ ಅದನ್ನೂ ಬೋರ್ಡಿನಲ್ಲಿ ಬರೆಯುವ ಮನುಷ್ಯ. ಸಂಘದ ಕಾರ್ಯದರ್ಶಿಯೂ ಕಂಡಕ್ಟರೂ ಆದ ಗಿರಿಧರ್, ಹಗಲಿಗೆ ಸಾಫ್ಟ್‌ವೇರಿನವನು, ಈ ಕೃತಿಯನ್ನು ಗುರುಚರಣ ಎಂಬ ಹುಡುಗನಿಗೆ ವಹಿಸಿದ. ಗುರುಚರಣ ಮೂರು ವೆಟ್ ಗ್ರೈಂಡರಿಗೆ ಮತ್ತು ವಾದ್ಯವೃಂದಕ್ಕೆ ಒಂದು ಕನ್ಸರ್ಟೊ ಬರೆದು ತಂದ.

ಗ್ರೈಂಡರಿನಲ್ಲಿ ನೆನೆಸಿದ ಅಕ್ಕಿ, ಉದ್ದು ನಿಜವಾಗಿಯೇ ಇರಬೇಕೆಂದು ಸ್ಕೋರಿನಲ್ಲಿ, ಎಂದರೆ ಪೂರ್ತಿ ಸ್ವರಪ್ರತಿಯಲ್ಲಿ, ಬರೆದಿತ್ತು. ಮೊದಲ ಭಾಗದಲ್ಲಿ ತರಿ ಸದ್ದು, ಕೊನೆಯ ಭಾಗದಲ್ಲಿ ನುಣ್ಣಗಿನ ಸದ್ದು. ಅಭ್ಯಾಸ ನೋಡಲು ಬಂದ ಐತಪ್ಪನವರು ಕೈಕಟ್ಟಿ ಅರ್ಧ ಗಂಟೆ ಕೇಳಿದರು. ಆಮೇಲೆ ಎದ್ದು ವೇದಿಕೆಗೆ ಬಂದು ಗ್ರೈಂಡರಿನೊಳಗೆ ಬೆರಳಿಟ್ಟರು.

“ಹಿಟ್ಟು ಬಿಸಿ ಆಗಿದೆ ಮಾರಾಯ್ರೆ” ಎಂದರು ಗುರುಚರಣನಿಗೆ. “ಎರಡನೇ ಭಾಗ ಸ್ವಲ್ಪ ಗಿಡ್ಡ ಮಾಡಿ. ಇಲ್ಲದಿದ್ರೆ ಇಡ್ಲಿ ಉಬ್ಬುದಿಲ್ಲ.”

ಗುರುಚರಣನ ಮುಖ ಕೆಂಪಾಯಿತು. ಅವನು ಉತ್ತರ ಕೊಡುವ ಮೊದಲೇ ಮೂರನೆಯ ಗ್ರೈಂಡರು ಚಾಲೂ ಆಗಿ ಇಡೀ ಸಭಾಂಗಣದ ಫ್ಯೂಸ್ ಹೋಯಿತು. ಒಂದು ಗ್ರೈಂಡರು ಸಾಕು ಎಂದು ಎಲೆಕ್ಟ್ರಿಷಿಯನ್, ಒಂದೂ ಬೇಡ ಎಂದು ಪಿಟೀಲಿನವರು. ತತ್ವದ ಪ್ರಶ್ನೆ ಎಂದು ಗುರುಚರಣ ಸ್ಕೋರು ಎತ್ತಿಕೊಂಡು ಹೊರಟುಹೋದ. ಹಿಟ್ಟನ್ನು ಟ್ರಾಂಬೋನಿನವರು ಹಂಚಿಕೊಂಡರು. ಕಾರ್ಯಕ್ರಮಕ್ಕೆ ಐದು ವಾರ ಉಳಿದಿತ್ತು, ಪೋಸ್ಟರು ಅಚ್ಚಿಗೆ ಹೋಗಬೇಕಿತ್ತು.

ನಾನು ಸುಳ್ಳು ಹೇಳುವವನಲ್ಲ. ಮೂವತ್ತೈದು ವರ್ಷ ವಿಮಾ ಕಂಪನಿಯಲ್ಲಿ ಜನ ಹೇಳುವ ಸುಳ್ಳನ್ನು ಹಿಡಿಯುವುದೇ ನನ್ನ ಕೆಲಸವಾಗಿತ್ತು. ಹಾಗಾಗಿ ಅದನ್ನು ಹೇಗೆ ಹೇಳಬೇಕೆಂದು ಮಾತ್ರ ಚೆನ್ನಾಗಿ ಗೊತ್ತಿತ್ತು. ಆ ಸಂಜೆಯೇ ಗಿರಿಧರನನ್ನು ಹಿಡಿದೆ.

“ಪೋರೂರಿನಲ್ಲಿ ಒಬ್ಬರ ಸಿಂಫನಿ ಇದೆ. ‘ಧನುರ್ಮಾಸ’ ಅಂತ. ಹಾಳೆಗಳೂ ತಯಾರಿವೆ.”

“ಎಲ್ಲೂ ಪ್ಲೇ ಆಗಿಲ್ಲ ತಾನೆ ಅಂಕಲ್? ಹಳೇದಾದ್ರೆ ಐತಪ್ಪ ಸಾರ್ ಕೈ ಕೊಡ್ತಾರೆ. ಪ್ರೆಸ್ಸೂ ಬರಲ್ಲ.”

“ಅದರ ನಾಲ್ಕನೆಯ ಭಾಗವನ್ನು ಇವತ್ತಿನವರೆಗೆ ಭೂಮಿಯ ಮೇಲೆ ಯಾರೂ ಪೂರ್ತಿ ನುಡಿಸಿಲ್ಲಪ್ಪ.”

ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಗಿರಿಧರ್ ಸಂಘಕ್ಕೆ ಬಂದದ್ದು 2011ರಲ್ಲಿ, ‘ಚಕ್ರ’ದ ಹೆಸರೂ ಅವನು ಕೇಳಿರಲಿಲ್ಲ. ಪೋಸ್ಟರಿನಲ್ಲಿ ‘ಧನುರ್ಮಾಸ’, ಅಂಬುಜಮ್ಮನವರ ಹೆಸರು, ಸುಮುಖ ಭವನ, ಎಲ್ಲಕ್ಕಿಂತ ಮೇಲೆ ‘ವರ್ಲ್ಡ್ ಪ್ರೀಮಿಯರ್’.

ಎರಡು ವಾರ ಕೂತು ಹಳೆಯ ಹಾಳೆಗಳ ಮೇಲಿನ ‘ಚಕ್ರ’ವನ್ನು ಬಿಳಿ ಕಾಗದ ಅಂಟಿಸಿ ಮುಚ್ಚಿದೆ. ವಾದಕರು ಪೆನ್ಸಿಲಿನಲ್ಲಿ ಬರೆದುಕೊಂಡ ಗುರುತುಗಳನ್ನು ರಬ್ಬರಿನಿಂದ ಅಳಿಸಿದೆ. ಟ್ರಂಪೆಟ್ಟಿನವನ ಹಾಳೆಯ ಅಂಚಿನಲ್ಲಿ ‘ಬೋಂಡಾ ಯಾವಾಗ?’ ಎಂದಿತ್ತು. ಅದನ್ನೂ ಅಳಿಸಿದೆ. ವಾದ್ಯವೃಂದದಲ್ಲಿ 2004ರವರು ಉಳಿದಿದ್ದದ್ದು ನಾನು ಮತ್ತು ಡಬಲ್ ಬಾಸಿನ ಪಂಢರಿನಾಥ. ಎರಡನೆಯ ಅಭ್ಯಾಸದ ದಿನ ಅವನು ನನ್ನ ಕಿವಿಯ ಹತ್ತಿರ ಬಂದ.

“ಕಮಲಾಕರ್, ಇದನ್ನ ಎಲ್ಲೋ ನುಡಿಸಿದ ಹಾಗಿದೆಯಲ್ಲ.”

“ಬಾಸಿಗೆ ಎಲ್ಲರೂ ಬರೆಯೋದು ಒಂದೇ ಥರ.”

“ಅದೂ ಸರಿಯೇ” ಎಂದು ಅವನು ಹೋಗಿ ಕೂತ.

ಅಂಬುಜಮ್ಮನವರಿಗೆ ನಾನು ಹೇಳಿದ್ದು ಮತ್ತೆ ನುಡಿಸುತ್ತೇವೆ ಎಂದಷ್ಟೇ. “ಎರಡನೇ ಸಲಕ್ಕೆ ಒಪ್ಪಿದ್ರಾ? ನಮ್ಮ ಸಂಘದವರಾ?” ಎಂದು ಎರಡು ಸಲ ಕೇಳಿದರು. ನಾನು ಕಿಟಕಿಯ ಕಡೆ ನೋಡಿಕೊಂಡು ಹೂಂ ಎಂದೆ. ಅಭ್ಯಾಸಕ್ಕೆ ಕರೆದರೆ ಬರಲಿಲ್ಲ. ಅರೆಬರೆ ಕೇಳಿ ಇರುವ ಕಿವಿ ಖರ್ಚು ಮಾಡಲ್ಲ ಎಂದರು. ಮೊಬೈಲಿನಲ್ಲಿ ಕೇಳಿಸಲು ಹೋದರೆ ಕಿವಿಯ ಯಂತ್ರದೊಳಗೆ ಎಲ್ಲ ವಾದ್ಯವೂ ತಗಡಿನ ಡಬ್ಬದ ಹಾಗೆ ಕೇಳುತ್ತೆ ಅಂದರು. ಕಾರ್ಯಕ್ರಮದ ದಿನ ಎದುರಿಗೆ ಕೂತು ಒಂದು ಸಲ ಕೇಳಿದರೆ ಸಾಕಂತೆ.

ಆ ಒಂದು ಸಲಕ್ಕೆ ನಾನು ಏನು ಬೇಕಾದರೂ ಮಾಡಲು ಸಿದ್ಧನಿದ್ದೆ. ನಾಲ್ಕನೆಯ ಭಾಗ ಮುಗಿದ ಮೇಲೆ ಸತ್ಯ ಹೊರಬಿದ್ದು, ನನ್ನನ್ನು ಸಂಘದಿಂದ ತೆಗೆದು, ಬೀರುವನ್ನೂ ಹೊತ್ತುಕೊಂಡು ಹೋಗಲಿ. ಮುಗಿಯುವ ಮೊದಲು ಮಾತ್ರ ಏನೂ ಆಗಬಾರದು.

ಜನವರಿಯ ಕೊನೆಯ ಭಾನುವಾರ ಸಭಾಂಗಣ ತುಂಬಿತ್ತು. ಅದಕ್ಕೆ ಕಾರಣ ಸಿಂಫನಿಯಲ್ಲ, ಸುಮುಖ ಭವನದ ಬೋಂಡಾ ಎಂಬುದು ನಮಗೂ ಗೊತ್ತು, ಜನಕ್ಕೂ ಗೊತ್ತು. ಹಿಂಬದಿಯ ಅಂಗಳದಲ್ಲಿ ಐತಪ್ಪನವರ ಅಡುಗೆಯವರು ಒಲೆ ಹೂಡಿದ್ದರು. ಐತಪ್ಪನವರು ಜರಿಯ ಪಂಚೆ ಉಟ್ಟು ಮುಂದಿನ ಸಾಲಿನ ನಡುವೆ ಕೂತಿದ್ದರು. ಅದೇ ಸಾಲಿನ ಬಲತುದಿಯಲ್ಲಿ, ಎಡಗಿವಿ ವೇದಿಕೆಯ ಕಡೆ ಇರುವಂತೆ, ಅಂಬುಜಮ್ಮ. ಪಕ್ಕದಲ್ಲಿ ವಿಭಾ. ಪಿಯಾನೋಗೆ ತನುಶ್ರೀ ಎಂಬ ಹುಡುಗಿ ಕೂತಿದ್ದಳು.

ಮೊದಲ ಭಾಗ ಶುರುವಾಗಿ ಎರಡು ನಿಮಿಷ ಆಗಿರಲಿಲ್ಲ, ಐತಪ್ಪನವರ ತಲೆ ಮೇಲೆದ್ದಿತು. ಹುಬ್ಬು ಗಂಟಾಯಿತು. ಬೆರಳು ಮೊಣಕಾಲಿನ ಮೇಲೆ ತಾಳ ಹಾಕತೊಡಗಿತು. ತಾಳ ನಮಗಿಂತ ಸ್ವಲ್ಪ ಮುಂದಿತ್ತು. ಮುಂದೆ ಏನು ಬರುತ್ತದೆಂದು ಗೊತ್ತಿರುವವನು ಮಾತ್ರ ಹಾಗೆ ಹಾಕಬಲ್ಲ. ಆಮೇಲೆ ಅವರು ಕತ್ತು ತಿರುಗಿಸಿ, ಐವತ್ತೆಂಟು ಮಂದಿಯನ್ನು ದಾಟಿ, ಹಾಳೆ ತಂದವನಾದ, ಕೊನೆಯ ಸಾಲಿನ ನನ್ನನ್ನು ನೇರವಾಗಿ ನೋಡಿದರು. ಎರಡನೆಯ ಭಾಗದ ನಡುವೆ ಅವರು ಎದ್ದು, ಪಂಚೆ ಕೊಡವಿ, ಹೊರಗೆ ನಡೆದುಬಿಟ್ಟರು.

ಪ್ರಾಯೋಜಕರು ಕೃತಿಯ ನಡುವೆ ಎದ್ದುಹೋದದ್ದು ಸಂಘದ ಚರಿತ್ರೆಯಲ್ಲೇ ಮೊದಲು. ಗಿರಿಧರನ ಹೆಗಲು ಸೆಟೆದದ್ದು ಕೊನೆಯ ಸಾಲಿಗೂ ಕಾಣುತ್ತಿತ್ತು. ನಾನು ಸಾಲಾಗಿ ತಪ್ಪು ಸ್ವರ ನುಡಿಸಿದೆ. ಯಾರೂ ಗಮನಿಸಲಿಲ್ಲ, ಕೊನೆಯ ಸಾಲಿನ ಅನುಕೂಲ ಅದು. ಮನಸ್ಸಿನಲ್ಲಿ ಒಂದೇ ಮಾತು ಇತ್ತು: ಇನ್ನೊಂದು ಇಪ್ಪತ್ತು ನಿಮಿಷ, ದೇವರೇ, ಅಷ್ಟರ ತನಕ ಆ ಮನುಷ್ಯ ವಾಪಸ್ಸು ಬರದಿರಲಿ.

ಮೂರನೆಯ ಭಾಗ ಮುಗಿಯಿತು. ತನುಶ್ರೀ ಎರಡೂ ಕೈ ಎತ್ತಿದಳು. ಗಿರಿಧರ್ ಕೋಲು ಕೆಳಗಿಟ್ಟ. ಪಕ್ಕದಿಂದ ಶಾಲಿನ ತಟ್ಟೆ ಬಂತು, ಹಾರ ಬಂತು, “ಈಗ ಸನ್ಮಾನ” ಎಂದು ಮೈಕು ಹೇಳಿತು. ಸನ್ಮಾನ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಹಿಂದಿನ ಸಾಲುಗಳಲ್ಲಿ ಜನ ಚೀಲ ಹುಡುಕತೊಡಗಿದರು. ಕೆಲವರು ಎದ್ದೇಬಿಟ್ಟರು. ವಾಚ್‌ಮನ್ ಬಾಗಿಲು ತೆರೆದ. ಆ ಬಾಗಿಲಿನಿಂದ, ಹಿಟ್ಟಿನ ಕಲೆ ಬಿದ್ದ ತೋಳಿನ ಐತಪ್ಪನವರು ಒಳಗೆ ಬಂದರು.

ಎಲ್ಲ ಅಂದಿನ ಹಾಗೆಯೇ ಇತ್ತು. ಸನ್ನಿವೇಶವೂ ಅದೇ, ಎತ್ತಿದ ಕೈಗಳೂ ಹಾಗೆಯೇ. ಬೇರೆಯಾಗಿದ್ದದ್ದು ಕೈಗಳ ವಯಸ್ಸು ಮಾತ್ರ. ನಾನು ಪಿಟೀಲು ಹಿಡಿದುಕೊಂಡೇ ಎದ್ದು ನಿಂತೆ. “ಗಿರಿಧರ್, ಬೇಡಪ್ಪ. ಈಗ ಬೇಡ” ಎಂದೆ. ನನ್ನ ದನಿ ಮುಂದಿನ ಸಾಲಿನ ಪಿಟೀಲುಗಳವರೆಗೂ ಹೋಗಲಿಲ್ಲ.

ಐತಪ್ಪನವರು ವೇದಿಕೆ ಹತ್ತಿದರು. ಹೊದಿಸಲು ಬಂದ ಶಾಲನ್ನು ಕೈಯಲ್ಲಿ ತಡೆದು ಮೈಕು ತೆಗೆದುಕೊಂಡರು.

“ಎಲ್ಲ ಕೂತ್ಕೊಳ್ಳಿ” ಎಂದರು, ತಮಿಳಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ. “ಇನ್ನೊಂದು ಭಾಗ ಉಂಟು. ಶಾಲು ಆಮೇಲೆ ಆಗ್ತದೆ. ಬೋಂಡಾ ಸಹ ಆಮೇಲೆ. ಹಿಟ್ಟು ಇನ್ನೂ ಎಣ್ಣೆಗೆ ಬಿಡ್ಲಿಲ್ಲ. ಒಳಗೆ ದೊಡ್ಡ ಡೋಲು ಕೇಳುವ ತನಕ ಒಂದು ಬೋಂಡಾ ಬಿಡಬಾರದು ಅಂತ ನಾನೀಗ ಹೋಗಿ ಹೇಳಿ ಬಂದೆ. ಹಾಗಾಗಿ ಈಗ ಎದ್ದು ಹೋದವರಿಗೆ ಏನೂ ಸಿಗುದಿಲ್ಲ.”

ಮದ್ರಾಸಿನ ಸಂಗೀತಪ್ರೇಮಿಗಳಿಗೆ ವಿಷಯವನ್ನು ಇಷ್ಟು ಸ್ಪಷ್ಟವಾಗಿ ಯಾರೂ ತಿಳಿಸಿರಲಿಲ್ಲ. ಎದ್ದವರೆಲ್ಲ ಕೂತರು. ವಾಚ್‌ಮನ್ ಬಾಗಿಲು ಮುಚ್ಚಿ ತಾನೂ ಒಂದು ಕುರ್ಚಿ ಹಿಡಿದ. ಐತಪ್ಪನವರು ಗಿರಿಧರನಿಗೆ ಕೋಲು ಎತ್ತಿಕೊಟ್ಟು, ಮೆಟ್ಟಿಲಿಳಿದು ತಮ್ಮ ಜಾಗದಲ್ಲಿ ಕೂತರು.

ತನುಶ್ರೀಯ ಕೈ ಪಿಯಾನೋದ ಮೇಲೆ ಇಳಿಯಿತು.

ನಾಲ್ಕನೆಯ ಭಾಗ ಒಂದೇ ಸ್ವರದಿಂದ ಶುರುವಾಗುತ್ತದೆ. ಅದೇ ಸ್ವರ, ಮತ್ತೆ, ಮತ್ತೆ. ಹುಗ್ಗಿ ಹಂಚಿ ಮುಗಿದು ಎಲ್ಲರೂ ಮನೆಗೆ ಹೋದ ಮೇಲೆ ದೇವಸ್ಥಾನದ ಅಂಗಳದ ನಲ್ಲಿಯಲ್ಲಿ ಯಾರೋ ಒಬ್ಬರು ಪಾತ್ರೆ ತೊಳೆಯುತ್ತಿದ್ದಾರೆ. ಅಷ್ಟೇ. ಇಡೀ ಧನುರ್ಮಾಸದಲ್ಲಿ ಅವರಿಗೆ ಸಿಕ್ಕ ಬಿಡುವು ಅದೊಂದೇ, ಅದರಲ್ಲಿ ಅವರು ಮೆಲ್ಲನೆ ಹಾಡಿಕೊಳ್ಳುತ್ತಿದ್ದಾರೆ. ತಂತಿಗಳು ಒಂದೊಂದಾಗಿ ಆ ಹಾಡಿಗೆ ಸೇರಿಕೊಂಡವು. ನನಗೆ ಅಳು ಬಂತು. ಪಿಟೀಲಿನ ಮೇಲೆ ನೀರು ಬೀಳಬಾರದೆಂದು ಗಲ್ಲ ಎತ್ತಿ ಹಿಡಿದೆ, ಹಾಗಾಗಿ ಸ್ವಲ್ಪ ಹೊತ್ತು ನುಡಿಸಲಾಗಲಿಲ್ಲ. ಅಂಬುಜಮ್ಮ ಕಣ್ಣು ಮುಚ್ಚಿ, ಎಡಗಿವಿಗೆ ಅಂಗೈ ಒಡ್ಡಿ, ಅಲುಗದೆ ಕೂತಿದ್ದರು.

ತಂತಿಗಳೆಲ್ಲ ಒಮ್ಮೆಗೇ ನಿಂತವು. ದೊಡ್ಡ ಡೋಲು ಬಂತು. ಅದರ ಹಿಂದೆಯೇ, ಮುಚ್ಚಿದ ಹಿಂಬಾಗಿಲಿನ ಆಚೆಯಿಂದ, ಕಾದ ಎಣ್ಣೆಗೆ ಬೋಂಡಾ ಬಿದ್ದ ಚೊರ್ ಸದ್ದು. ಸಭೆಯಲ್ಲಿ ಒಬ್ಬರೂ ಮಿಸುಕಲಿಲ್ಲ. ಐತಪ್ಪನವರು ಕೈಗಡಿಯಾರ ನೋಡಿ, ಸರಿ ಎಂಬಂತೆ ತಲೆಯಾಡಿಸಿದರು. ನಾಲ್ಕು ನಿಮಿಷಕ್ಕೆ ಸಿಂಫನಿ ಮುಗಿಯಿತು.

ಚಪ್ಪಾಳೆ ಜೋರಾಗಿಯೇ ಬಂತು, ಆಮೇಲೆ ಸಭಾಂಗಣ ಖಾಲಿಯಾಯಿತು. ನಾನು ಅಭ್ಯಾಸಬಲದಿಂದ ಹಾಳೆ ಎತ್ತತೊಡಗಿದೆ. ಚೆಲ್ಲೋಗಳ ಹತ್ತಿರ ಬಂದಾಗ ಐತಪ್ಪನವರು ಎದುರಿಗೆ ನಿಂತಿದ್ದರು, ಕೈಯಲ್ಲಿ ಬೋಂಡಾದ ತಟ್ಟೆ. ಹಿಂದೆ ಗಿರಿಧರ್.

“ರಾಯರೇ, ಇದು ಹೊಸತಲ್ಲ” ಎಂದರು.

“ಅಲ್ಲ” ಎಂದೆ. “ತಪ್ಪು ನನ್ನದು. ಗಿರಿಧರನಿಗೆ ಗೊತ್ತಿಲ್ಲ, ಬರೆದವರಿಗೂ ಗೊತ್ತಿಲ್ಲ.”

“ನೀವು ಹೇಳುದೇ ಬೇಡ. ನಿನ್ನೆಯ ಸಾಂಬಾರಿಗೆ ಇವತ್ತು ಒಗ್ಗರಣೆ ಹಾಕಿದ್ರೆ ನನಗೆ ಗೊತ್ತಾಗುದಿಲ್ವಾ?” ಅವರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. “ಆ ಟೈರಿನವರ ವರ್ಷ ಬೋಂಡಾದ ಕೆಲಸ ನನ್ನದೇ ಇತ್ತು. ಆಗ ನನ್ನದು ಚಿಕ್ಕ ಮೆಸ್ಸು. ದೊಡ್ಡ ಡೋಲು ಕೇಳಿದ ಕೂಡ್ಲೆ ಬೋಂಡಾ ಬಿಡಿ, ನಾಲ್ಕು ನಿಮಿಷಕ್ಕೆ ಮುಗಿತದೆ ಅಂತ ಕಂಡಕ್ಟರ್ ಹೇಳಿದ್ರು. ನಾನು ಅಲ್ಲಿ ಎಣ್ಣೆ ಕಾಯಿಸಿಕೊಂಡು, ಬಾಗಿಲಿಗೆ ಕಿವಿ ಕೊಟ್ಟು ನಿಂತದ್ದು. ಒಂದು ಸ್ವರ ಬಿಡದೆ ಕೇಳಿದ್ದೇನೆ. ಡೋಲು ಬರಲೇ ಇಲ್ಲ, ಜನ ಬಂದರು. ಗಡಿಬಿಡಿಯಲ್ಲಿ ಕೊಟ್ಟೆ. ಒಳಗೆ ಹಸಿ ಹಿಟ್ಟು. ನನ್ನ ಕೈಯಿಂದ ಬೇಯದ ಬೋಂಡಾ ಹೋದದ್ದು ನಲವತ್ತು ವರ್ಷದಲ್ಲಿ ಆ ದಿನ ಒಂದೇ. ಡೋಲು ಎಲ್ಲಿ ಬರ್ತದೆ ಅಂತ ಇಷ್ಟು ವರ್ಷ ತಲೆಯಲ್ಲಿ ಕೊರೀತಾ ಇತ್ತು.”

ಸಂಘದ ಇಪ್ಪತ್ತನಾಲ್ಕು ಕೃತಿಗಳಲ್ಲಿ ಒಂದನ್ನಾದರೂ ಕೇಳಿ ನೆನಪಿಟ್ಟುಕೊಂಡ ಒಬ್ಬ ಮನುಷ್ಯ ಇದ್ದ. ಅವನನ್ನು ನಾವು ಬಾಗಿಲಿನ ಹೊರಗೆ ನಿಲ್ಲಿಸಿದ್ದೆವು.

“ಆದ್ರೂ ಸಾರ್, ಪೋಸ್ಟರಲ್ಲಿ ವರ್ಲ್ಡ್ ಪ್ರೀಮಿಯರ್ ಅಂತ...” ಎಂದ ಗಿರಿಧರ್.

“ಒಂದು ಕೇಳ್ತೇನೆ ಗಿರಿಧರ್. ಬೆಳಿಗ್ಗೆ ಕಾವಲಿ ಇಟ್ಟು ಹುಯ್ದ ಮೊದಲ ದೋಸೆ ನಮ್ಮಲ್ಲಿ ಯಾರಿಗೂ ಬಡಿಸುದಿಲ್ಲ. ಅದು ಕಾವಲಿಗೆ ಅಂಟ್ತದೆ, ತೆಗೆದು ಬದಿಗಿಡ್ತೇವೆ. ಎರಡನೇದ್ರಿಂದ ಗಿರಾಕಿಗೆ. ನೀವು ಇಪ್ಪತ್ತೈದು ವರ್ಷ ಊರಿಗೆಲ್ಲ ಮೊದಲನೇ ದೋಸೆ ಮಾತ್ರ ತಿನ್ನಿಸಿದ್ದಲ್ವಾ? ಮುಂದಿನ ವರ್ಷವೂ ನನ್ನದೇ. ಇದನ್ನೇ ನುಡಿಸಿ. ಪೋಸ್ಟರಿಗೆ ‘ಪುನಃ’ ಅಂತ ಹಾಕಿ.”

ಸಂಘದ ನಿಯಮಾವಳಿಯಲ್ಲಿ ಅದಕ್ಕೆ ಏನೂ ಬರೆದಿರಲಿಲ್ಲ.

ಅಷ್ಟರಲ್ಲಿ ವಿಭಾ ಕೈ ಹಿಡಿದು ಅಂಬುಜಮ್ಮನವರನ್ನು ವೇದಿಕೆಗೆ ಹತ್ತಿಸಿದಳು. ಅವರು ಪಿಯಾನೋದ ಮುಂದೆ ಕೂತರು. ನಾನು ಎಡಗಡೆಗೆ ಹೋಗಿ ನಿಂತೆ. ಕ್ಷಮಿಸಿ ಎನ್ನಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

“ಟೀಚರ್, ಹೇಗಿತ್ತು?” ಎಂದು ಮಾತ್ರ ಕೇಳಿದೆ.

“ಟ್ರಂಪೆಟ್ ಎರಡು ಎಣಿಕೆ ಮುಂಚೆ ಬಂತು” ಎಂದರು. “ಅವನ ತಪ್ಪಿಲ್ಲ, ನಾನೇ ಹಾಗೆ ಬರೆದಿದೀನಿ. ಇಷ್ಟು ವರ್ಷ ಅದು ಸರಿ ಅಂದ್ಕೊಂಡಿದ್ದೆ ನೋಡು. ಪೆನ್ಸಿಲ್ ಕೊಡು.”

ಟ್ರಂಪೆಟ್ಟಿನ ಹಾಳೆಯಲ್ಲಿ, ನಾನು ರಬ್ಬರು ಉಜ್ಜಿ ಅಳಿಸಿದ ಜಾಗದ ಹತ್ತಿರವೇ, ಅವರು ಎರಡು ಗೆರೆ ಎಳೆದು ತಿದ್ದಿದರು. ಗೆರೆ ನೇರವಾಗಿಯೇ ಬಂತು.

“ಮುಂದಿನ ವರ್ಷ ಸರಿಯಾಗಿ ಕೇಳಬೇಕು” ಎಂದರು.

“ಪಾಟ್ಟಿ, ಮುಂದಿನ ವರ್ಷ...” ಎಂದು ವಿಭಾ ಅಜ್ಜಿಗೆ ಹೇಳಲು ಶುರುಮಾಡಿ ನಿಲ್ಲಿಸಿದಳು. ಆ ವಾಕ್ಯವನ್ನು ಅವಳು ಯಾವ ಭಾಷೆಯಲ್ಲೂ ಮುಗಿಸಲಿಲ್ಲ.

“ಗೊತ್ತು. ಕಿವಿ ಇದ್ರೆ ನಾನು ಕೇಳ್ತೀನಿ. ಇಲ್ಲಾಂದ್ರೆ ಕಮಲಾ ಕೇಳಿ ಹೇಳ್ತಾನೆ. ಒಳಗೆ ಕೇಳೋಕೆ ಇವತ್ತಿಂದ ಶುರುವಾಯ್ತಲ್ಲ.”

ನಾನು ಮುಖ ತಿರುಗಿಸಿ, ಪಿಯಾನೋದ ಮೇಲಿನ ಹಾಳೆಗೆ ಕೈ ಹಾಕಿದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು.

“ಎತ್ತಬೇಡ, ಕಮಲಾ. ಸ್ವಲ್ಪ ಹೊತ್ತು ಇರಲಿ.”

ನಾನು ಕೈ ತೆಗೆದೆ. ಐತಪ್ಪನವರು ತಟ್ಟೆ ಮುಂದೆ ಹಿಡಿದರು, ಅಂಬುಜಮ್ಮ ಒಂದು ಬೋಂಡಾ ತೆಗೆದುಕೊಂಡು ಮುರಿದು, ಒಳಗೆ ಬೆಂದಿದೆಯೇ ಎಂದು ನೋಡಿ ಬಾಯಿಗಿಟ್ಟರು. ಐತಪ್ಪನವರು ಉಸಿರು ಬಿಟ್ಟರು. ಇನ್ನರ್ಧವನ್ನು ಅಂಬುಜಮ್ಮ ಎದುರಿಗಿದ್ದ ಸ್ವರಹಾಳೆಯ ಮೇಲೆ, ನಾಲ್ಕನೆಯ ಭಾಗದ ಮೊದಲ ಸ್ವರದ ಪಕ್ಕದಲ್ಲಿ ಇಟ್ಟರು. ಎಣ್ಣೆ ಮೆಲ್ಲಗೆ ಕಾಗದದೊಳಗೆ ಹರಡಿತು.

ಇಪ್ಪತ್ತೈದು ವರ್ಷದಲ್ಲಿ ನನ್ನ ಹಾಳೆಗಳ ಮೇಲೆ ಒಂದು ಹನಿ ನೀರು ಬೀಳಲು ನಾನು ಬಿಟ್ಟಿಲ್ಲ, ವೇಲಚೇರಿ ಮುಳುಗಿದಾಗಲೂ ಬಿಟ್ಟಿಲ್ಲ. ಕರವಸ್ತ್ರಕ್ಕೆಂದು ಜೇಬಿಗೆ ಕೈ ಹೋಯಿತು. ಆಮೇಲೆ ಕೈಯನ್ನು ಹಾಗೆಯೇ ಹೊರಗೆ ತೆಗೆದು, ನಾನೂ ಒಂದು ಬೋಂಡಾ ತೆಗೆದುಕೊಂಡೆ.